ಬೆನ್ನಿಗೆ ಚೀಲ, ಚೀಲದೊಳಗೆ ಆಫೀಸು

"ಡಾಕ್ಟ್ರೇ, ಜ್ವರವೂ ಇಲ್ಲ, ಕೆಮ್ಮೂ ಇಲ್ಲ. ಒಂದು ಮಾತು ಕೇಳಿಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಲೇ ಆ ತಾಯಿ ನನ್ನೆದುರು ಕುಳಿತರು. ಮಗಳಿಗೆ ಇಪ್ಪತ್ತನಾಲ್ಕು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಗೆಳತಿಯೊಬ್ಬಳ ಜೊತೆ ಮೂರು ವಾರ ಕಾರವಾರ, ಅಂಕೋಲಾ ಕಡೆ ಸುತ್ತಿ ಬರುವ ಆಸೆ. ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ. ಊರಿಂದ ಊರಿಗೆ ಒಂದಿಷ್ಟು ನಡಿಗೆ, ಒಂದಿಷ್ಟು ಬಸ್ಸು. ದಿನದಲ್ಲಿ ಕೆಲವು ಗಂಟೆ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸ. ಒಂದು ವಸತಿಗೃಹದಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಮಾಡಿಕೊಟ್ಟರೆ ಮಂಚ, ಊಟ ಬಿಟ್ಟಿಯಂತೆ. "ರಜೆ ಹಾಕಿದ್ದೀಯೇನೇ ಅಂದ್ರೆ ಇಲ್ಲ ಅಂತಾಳೆ. ಹಾಗಾದ್ರೆ ಕೆಲಸಕ್ಕೆ ಹೋಗ್ತಿದ್ದೀಯಾ ಅಂದ್ರೆ ಸಮುದ್ರ ನೋಡೋಕೆ ಅಂತಾಳೆ. ಕಳಿಸೋದೋ ಬೇಡವೋ ನೀವೇ ಹೇಳಿ" ಎಂದರು.

ಈ ಪ್ರಶ್ನೆ ಈಗ ಅವರೊಬ್ಬರದಲ್ಲ. ನಿಮ್ಮ ಮನೆಯಲ್ಲೂ ದುಡಿಯುವ ಮಗನೋ ಮಗಳೋ ಇದ್ದರೆ ಇಂದಲ್ಲ ನಾಳೆ ಇಂಥದೊಂದು ಚೀಲ ನಿಮ್ಮ ಹೊಸ್ತಿಲ ಬಳಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ನನ್ನ ಉತ್ತರ ಮೊದಲೇ ತಿಳಿಸಿಬಿಡುವುದು ಒಳ್ಳೆಯದು: ಕಳಿಸಿ. ಆದರೆ ರಜೆಯನ್ನೂ ಕೆಲಸವನ್ನೂ ಒಂದೇ ದಿನದ ಒಂದೇ ಚೀಲಕ್ಕೆ ತುರುಕಿ ಕಳಿಸಬೇಡಿ.

ಈ ಪದ್ಧತಿ ಪರದೇಶದಲ್ಲಿ ಹಳೆಯದು. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್, ವಾನಾಕದಂಥ ಊರುಗಳು ಸರೋವರದ ದಂಡೆಯಲ್ಲಿ, ಹಿಮದ ಬೆಟ್ಟಗಳ ಬುಡದಲ್ಲಿವೆ. ಓದು ಮುಗಿಸಿದ ಯುವಕ ಯುವತಿಯರು ಅಲ್ಲಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದು, ತೋಟದಲ್ಲಿ ಹಣ್ಣು ಕೊಯ್ದು, ಆ ದುಡ್ಡಿನಲ್ಲೇ ಮುಂದಿನ ಊರು ನೋಡುತ್ತಾರೆ. ಅದಕ್ಕೆಂದೇ ಬೇರೆ ವೀಸಾ ಉಂಟು. ಆಸ್ಟ್ರೇಲಿಯ ದೇಶವು 2024ರಿಂದ ಹದಿನೆಂಟರಿಂದ ಮೂವತ್ತು ವಯಸ್ಸಿನ ಭಾರತೀಯರಿಗೂ ವರ್ಷಕ್ಕೆ ಒಂದು ಸಾವಿರದಂತೆ ಇಂಥ ವೀಸಾ ತೆರೆದಿದೆ. ನಮ್ಮಲ್ಲಿ ಇದು ವೀಸಾ ಇಲ್ಲದೆಯೇ ಬಂತು. 2020ರ ಕೊರೊನಾ ಕಾಲದಲ್ಲಿ ಆಫೀಸು ಮನೆಗೆ ಬಂತು. ಮನೆಗೆ ಬಂದ ಆಫೀಸು ಸಮುದ್ರದಂಡೆಗೆ ಹೋಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಗೋಕರ್ಣ ತುಂಬಿತು. ಅಲ್ಲಿನ ಗದ್ದಲ ಬೇಡವೆಂದವರು ಉತ್ತರಕ್ಕೆ ಸರಿದು ಅಂಕೋಲಾ, ಕಾರವಾರದ ದಾರಿ ಹಿಡಿಯುತ್ತಿದ್ದಾರೆ.

ಹಾಗೆಂದು ಕಾರವಾರಕ್ಕೆ ಕೆಲಸ ಹೊತ್ತುಕೊಂಡು ಬಂದವರಲ್ಲಿ ಇವರೇ ಮೊದಲಿಗರಲ್ಲ. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಗೋರರು ಇಲ್ಲಿ ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕವನ್ನು ಠಾಗೋರರು ಬರೆದದ್ದು ಇಲ್ಲಿಯೇ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಮೇಲಕ್ಕೆ ಹೋಗಿ, ಶಿವಾಜಿ ಕಾಲದ ಬೆಟ್ಟದ ಕೋಟೆಯ ಬಳಿ ಇಳಿದು, ಮರಳುವಾಗ ದೋಣಿಯಿಂದಿಳಿದು ಕಡಲ ಮರಳಿನ ಮೇಲೆ ನಡೆದೇ ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಅವರು ದಾಖಲಿಸಿದ್ದಾರೆ. ಇಂದು ಆ ಕಡಲತೀರಕ್ಕೆ ಅವರದೇ ಹೆಸರು. ಅವರಿಗೊಂದು ಅನುಕೂಲವಿತ್ತೆಂಬುದನ್ನು ಮರೆಯಬಾರದು. ಮರಳಿನ ಮೇಲೆ ನಡೆಯುವಾಗ ಜೇಬಿನಲ್ಲಿ ಫೋನು ಗುಣುಗುಟ್ಟುತ್ತಿರಲಿಲ್ಲ.

ನನ್ನ ಆಕ್ಷೇಪಣೆಯೂ ಇಲ್ಲಿಯೇ. ದೇಹಕ್ಕೆ ನಡಿಗೆಯ ದಣಿವು ಬೇರೆ, ಪರದೆ ನೋಡುವ ದಣಿವು ಬೇರೆ. ನಡೆದು ದಣಿದವನಿಗೆ ನಿದ್ದೆ ತಾನಾಗಿ ಬರುತ್ತದೆ. ಪರದೆ ನೋಡಿ ದಣಿದವನಿಗೆ ಬಂದ ನಿದ್ದೆಯೂ ಹಾರಿಹೋಗುತ್ತದೆ. ಎರಡನ್ನೂ ಒಂದೇ ದಿನ ಮಾಡಿದರೆ ಕಾಲು ಮಲಗು ಎನ್ನುತ್ತದೆ, ತಲೆ ಒಲ್ಲೆ ಎನ್ನುತ್ತದೆ. ಬೆಳಿಗ್ಗೆ ಐದಕ್ಕೆ ಗುಡ್ಡ ಹತ್ತಿ, ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದು, ಸಂಜೆ ಕಡಲಿಗಿಳಿದು, ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮಾತಿಗೆ ಕೂರುವ ಹುಡುಗರನ್ನು ನಾನು ಕಂಡಿದ್ದೇನೆ. ಮೂರನೆಯ ದಿನ ತಲೆನೋವು, ಐದನೆಯ ದಿನ ಸಿಡುಕು, ವಾರದ ಕೊನೆಗೆ 'ಇಲ್ಲಿನ ಹವೆ ನನಗೆ ಒಗ್ಗಲಿಲ್ಲ' ಎಂಬ ದೂರು. ಹವೆಯ ತಪ್ಪೇನಿಲ್ಲ. ನಿದ್ದೆಗೆಟ್ಟವನು ಬಂಡೆಯ ಮೇಲೆ ಕಾಲು ಜಾರುತ್ತಾನೆ, ಬಾಡಿಗೆ ಸ್ಕೂಟರಿನಲ್ಲಿ ತಿರುವು ತಪ್ಪುತ್ತಾನೆ. ಇದು ಕೇವಲ ಸುಸ್ತಿನ ಮಾತಲ್ಲ.

ಆದ್ದರಿಂದ ದಿನಗಳನ್ನೇ ಬೇರೆ ಮಾಡಿ. ಕೆಲಸದ ದಿನ ಒಂದೇ ಊರಿನಲ್ಲಿರಿ; ಸಂಜೆ ದಂಡೆಯಲ್ಲಿ ಒಂದು ಗಂಟೆ ಓಡಾಡಿದರೆ ಸಾಕು. ನಡೆಯುವ ದಿನ ಅಧಿಕೃತವಾಗಿ ರಜೆ ಹಾಕಿ, ಯಂತ್ರವನ್ನು ಚೀಲದ ತಳಕ್ಕೆ ಸೇರಿಸಿ. ಕೆಲಸಕ್ಕೆ ಕೂರುವಾಗ ಮೇಜು ಕುರ್ಚಿ ಇರುವ ಜಾಗವನ್ನೇ ಹುಡುಕಬೇಕು. ಮಂಚದ ಮೇಲೆ ಕವುಚಿ ಮಲಗಿ, ಕತ್ತು ಎತ್ತಿ ಟೈಪು ಮಾಡಿದರೆ ಎರಡೇ ದಿನದಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಅದೇ ಹೆಗಲಿಗೆ ಚೀಲವನ್ನೂ ಹೊರಬೇಕಲ್ಲ!

ಚೀಲದ ಮಾತು ಬಂತು. ಅದನ್ನು ಮನೆಯಲ್ಲೇ ತೂಗಿ. ದೊಡ್ಡವರು ತಮ್ಮ ಮೈತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ದಿನವಿಡೀ ನಡೆಯಬಾರದು ಎಂಬುದು ವಾಡಿಕೆಯ ಲೆಕ್ಕ. ಅಭ್ಯಾಸವಿಲ್ಲದವರಿಗೆ ಅದಕ್ಕೂ ಕಡಿಮೆ ಇರಲಿ. ಐವತ್ತು ಕೆಜಿಯ ಹುಡುಗಿ ಎಂದರೆ ಹೆಚ್ಚೆಂದರೆ ಹತ್ತು ಕೆಜಿ, ಎರಡು ಲೀಟರ್ ನೀರೂ ಅದರಲ್ಲೇ ಸೇರಿ. ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಿರಬೇಕು. ಸೊಂಟಪಟ್ಟಿ ಇರುವ ಚೀಲವಾದರೆ ಭಾರವನ್ನು ಹೆಗಲಿನ ಬದಲು ಸೊಂಟ ಹೊರುತ್ತದೆ. ಹೊಸ ಬೂಟು ಕೊಂಡ ದಿನವೇ ಪ್ರವಾಸ ಹೊರಡಬೇಡಿ. ಹದಿನೈದು ದಿನ ಪೇಟೆಗೆ ಹೋಗಿಬರಲು ಅದನ್ನೇ ಮೆಟ್ಟಿ. ಕಾಲಿನಲ್ಲಿ ಬೊಬ್ಬೆ ಎದ್ದರೆ ಒಡೆಯದೆ, ಶುಭ್ರವಾದ ಪಟ್ಟಿ ಹಚ್ಚಿ, ಆ ದಿನದ ನಡಿಗೆ ನಿಲ್ಲಿಸಿ. ಸಕ್ಕರೆ ಕಾಯಿಲೆಯಿದ್ದು ಇಂಥ ಪ್ರವಾಸ ಹೊರಡುವ ನಿವೃತ್ತರೂ ಈಗ ಇದ್ದಾರೆ. ಅವರು ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳುವುದು ಕಡ್ಡಾಯ.

ಕಾರವಾರದಿಂದ ಅಂಕೋಲೆಗೆ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್. ಭೂಪಟದಲ್ಲಿ ನೋಡಿದವರಿಗೆ ದಂಡೆ ಹಿಡಿದು ಎರಡು ದಿನದಲ್ಲಿ ನಡೆದುಬಿಡಬಹುದು ಎನ್ನಿಸುತ್ತದೆ. ಹಾಗಾಗುವುದಿಲ್ಲ. ಬಿಣಗಾ ದಾಟಿದರೆ ಅರ್ಗಾ ಸುತ್ತಮುತ್ತ ಕದಂಬ ನೌಕಾನೆಲೆಯ ಪ್ರದೇಶ; ಅಲ್ಲಿ ದಂಡೆಗಿಳಿಯುವಂತಿಲ್ಲ, ಕ್ಯಾಮೆರಾ ತೆಗೆಯುವಂತಿಲ್ಲ. ಉಳಿದ ದಾರಿ ಎಂದರೆ ಲಾರಿಗಳು ಓಡುವ ಹೆದ್ದಾರಿ. ಆ ಹೆದ್ದಾರಿಯ ಅಂಚಿನಲ್ಲಿ ಚೀಲ ಹೊತ್ತು ನಡೆಯುವುದಕ್ಕಿಂತ ದೊಡ್ಡ ಆರೋಗ್ಯದ ಅಪಾಯವನ್ನು ನಾನು ಕಾಣೆ. ಸಾರಿಗೆ ಬಸ್ಸು ಹತ್ತಿ, ಇಲ್ಲವೇ ಕೊಂಕಣ ರೈಲಿನಲ್ಲಿ ಹಾರವಾಡ, ಅಂಕೋಲಾ ನಿಲ್ದಾಣಗಳಿಗೆ ಬಂದಿಳಿಯಿರಿ. ಬೇಲೇಕೇರಿ ಕಡೆಯ ದಂಡೆ, ಗುಡ್ಡದ ಕಾಲುದಾರಿ ಇವು ನಡೆಯುವುದಕ್ಕೆ. ಹೆದ್ದಾರಿ ಬಸ್ಸಿಗೆ.

ಇನ್ನು ಬೆವರು. ಬಯಲುಸೀಮೆಯವರು ಇಲ್ಲಿ ಮೋಸಹೋಗುವುದು ಇದರಲ್ಲೇ. ಕಲಬುರ್ಗಿಯ ನಲವತ್ತು ಡಿಗ್ರಿಯ ಬಿಸಿಲನ್ನು ಕಂಡವರಿಗೆ ಕಾರವಾರದ ಮೂವತ್ತೆರಡು ಮೂವತ್ತಮೂರು ಲೆಕ್ಕಕ್ಕಿಲ್ಲ ಎನಿಸುತ್ತದೆ. ಆದರೆ ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುವುದರಿಂದ ಬೆವರು ಆರದೆ ಮೈಮೇಲೆಯೇ ನಿಲ್ಲುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಬರಲಿಲ್ಲ. ಮಾರ್ಚಿನಿಂದ ಮೇ ತನಕ ಹನ್ನೊಂದರಿಂದ ನಾಲ್ಕರವರೆಗೆ ನಡೆಯಲೇಬೇಡಿ ಎಂದು ಹೇಳುವುದು ಇದಕ್ಕೇ.

ಉಪ್ಪಿನ ಬೆಲೆ ಅಂಕೋಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. 1930ರ ಏಪ್ರಿಲ್ 13ರಂದು ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದ ಊರದು. ಬೆವರಿನಲ್ಲಿ ಹೋದ ಉಪ್ಪನ್ನು ಬರೀ ನೀರು ತುಂಬಿಕೊಡಲಾರದು. ಬಿಸಿಲಿನಲ್ಲಿ ಗಂಟೆಗಟ್ಟಲೆ ನಡೆದವರು ಲೀಟರುಗಟ್ಟಲೆ ಬರೀ ನೀರನ್ನೇ ಕುಡಿದು ವಾಕರಿಕೆ, ತಲೆಸುತ್ತು ತಂದುಕೊಳ್ಳುವುದುಂಟು. ಈ ಸೀಮೆಯ ಜನ ಮೊದಲಿನಿಂದ ಕಂಡುಕೊಂಡ ದಾರಿ ಸುಲಭ: ಕುಚ್ಚಲಕ್ಕಿಯ ಗಂಜಿಗೆ ಉಪ್ಪು ಹಾಕಿ, ಉಪ್ಪಿನಕಾಯಿ ನೆಂಚಿಕೊಂಡು ಉಣ್ಣುವುದು. ಕೊಂಕಣಿಗರು ಪೇಜ ಎನ್ನುವುದು ಇದನ್ನೇ. ಉಪ್ಪು ಹಾಕಿದ ಮುರುಗಲು ಹಣ್ಣಿನ ಪಾನಕ, ಮಜ್ಜಿಗೆ ಕೂಡ ಆದೀತು. ಭೇದಿಯಾದರೆ ಮಾತ್ರ ಅಳತೆ ಬೇಕು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚವೆಂದರೆ ಟೀ ಚಮಚ. ಔಷಧಿ ಅಂಗಡಿಯ ಪುಡಿಯ ಪೊಟ್ಟಣವಾದರೆ ಇನ್ನೂ ಒಳ್ಳೆಯದು. ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ನೋಡಿಕೊಳ್ಳಿ. ಓಆರ್‌ಎಸ್ ಎಂಬ ಹೆಸರಿನಲ್ಲಿ ಡಬ್ಬಿಗಳಲ್ಲಿ ಮಾರುತ್ತಿದ್ದ ಸಕ್ಕರೆಯ ಪಾನೀಯಗಳು ಆ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಆ ಆದೇಶ ಬರಲು ಅಷ್ಟು ವರ್ಷ ಹಿಡಿಯಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ಜೊತೆಗಾರ ಬಿಸಿಲಿನಲ್ಲಿ ತೊದಲತೊಡಗಿದರೆ, ಅಸಂಬದ್ಧ ಮಾತನಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಸುಸ್ತಲ್ಲ, ಶಾಖಾಘಾತ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲವರೆಗೆ ನೀರು ಸುರಿಯುತ್ತ ಗಾಳಿ ಹಾಕಿ. 108ಕ್ಕೆ ಕರೆ ಮಾಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೈ ಬೆವರುತ್ತಿದೆಯಲ್ಲ, ಏನೂ ಆಗಿಲ್ಲ ಎಂದು ಸುಮ್ಮನಿರಬೇಡಿ; ನಡೆದು ಶಾಖಾಘಾತವಾದವರಿಗೆ ಬೆವರು ಇರಬಹುದು.

ಬೆವರಿನದೇ ಇನ್ನೊಂದು ಚಿಕ್ಕ ಉಪದ್ರವ. ತೊಡೆಸಂದಿ, ಕಂಕುಳಲ್ಲಿ ಗಜಕರ್ಣ. ನಾಚಿಕೆಯಿಂದ ಯಾರಿಗೂ ಹೇಳದೆ, ಅಂಗಡಿಯವರು ಕೊಟ್ಟ ಮುಲಾಮು ಹಚ್ಚುತ್ತಾರೆ. ಅದರಲ್ಲಿ ಸ್ಟೆರಾಯ್ಡ್ ಬೆರೆತಿದ್ದರೆ ತುರಿಕೆ ಎರಡು ದಿನ ಮಾಯ, ಆಮೇಲೆ ಇಮ್ಮಡಿ. ಹತ್ತಿಯ ಸಡಿಲ ಒಳಬಟ್ಟೆ, ದಿನಕ್ಕೆರಡು ಸ್ನಾನ, ಒದ್ದೆ ಬಟ್ಟೆಯಲ್ಲಿ ಕುಳಿತಿರದಿರುವುದು, ಇಷ್ಟರಿಂದಲೇ ಬಹುಪಾಲು ತಪ್ಪುತ್ತದೆ.

ಇಷ್ಟೆಲ್ಲ ಹೇಳಿದರೂ ನನ್ನ ನಿಜವಾದ ಭಯ ಇವು ಯಾವುದೂ ಅಲ್ಲ. ಆ ತಾಯಿ ನನ್ನನ್ನು ಕೇಳಿದ್ದು ಹೊರಗಿನ ಊಟ, ನೀರು ಬದಲಾಗುವುದು, ನೆಗಡಿಗಳ ಬಗ್ಗೆ. ಸಮುದ್ರದ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಎಲ್ಲ ತಂದೆತಾಯಂದಿರೂ ಹೀಗೆಯೇ. ನೆಗಡಿ ಮಾಡಿಕೊಂಡವನು ಮನೆಗೆ ಬರುತ್ತಾನೆ. 2024ರ ಡಿಸೆಂಬರ್ 10ರಂದು ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರನ್ನು ಅಲೆಗಳು ಒಯ್ದವು. ಒಳನಾಡಿನ ಮಕ್ಕಳಿಗೆ ಸಮುದ್ರವೆಂದರೆ ದೊಡ್ಡ ಕೆರೆ. ಕೆರೆ ನಿಂತ ನೀರು. ಇದು ಎಳೆಯುವ ನೀರು.

ದಂಡೆಗೆ ಬಂದ ಅಲೆಯ ನೀರು ಹಿಂದಿರುಗಬೇಕಲ್ಲವೇ? ಕೆಲವು ಕಡೆ ಅದು ಕಿರಿದಾದ ಕಾಲುವೆಯಂತೆ ಒಗ್ಗೂಡಿ ರಭಸದಿಂದ ಒಳಕ್ಕೆ ಹರಿಯುತ್ತದೆ. ಸೆಳೆತವೆನ್ನುವುದು ಇದಕ್ಕೇ. ಮೋಸವೇನೆಂದರೆ ಸೆಳೆತ ಇರುವಲ್ಲಿ ಅಲೆ ಒಡೆಯುವುದು ಕಡಿಮೆ. ನೋಡುವವರಿಗೆ ಎರಡು ನೊರೆಯ ಸಾಲುಗಳ ನಡುವೆ ಶಾಂತವಾದ ಜಾಗದಂತೆ ಕಾಣುತ್ತದೆ. 'ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ' ಎಂದು ಇಳಿಯುವುದೂ ಅಲ್ಲಿಯೇ. ಸಿಕ್ಕಿಕೊಂಡವರು ದಡದ ಕಡೆಗೇ ನೇರ ಈಜಲು ಹೋಗಿ ಸೋತು ಮುಳುಗುತ್ತಾರೆ. ಗಾಬರಿಪಡದೆ ತೇಲಿಕೊಂಡು, ಕೈಯೆತ್ತಿ ಕೂಗಿ, ದಡಕ್ಕೆ ಸಮನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ತಪ್ಪಿದ ಮೇಲೆ ದಡದತ್ತ ಬರಬೇಕು. ಈಜು ಬಾರದವರು ಮೊಣಕಾಲಿಗಿಂತ ಮೇಲಿನ ನೀರಿಗೆ ಹೋಗಕೂಡದು. ಈಜು ಬಲ್ಲವರೂ ಕತ್ತಲಾದ ಮೇಲೆ, ಕುಡಿದ ಮೇಲೆ, ಒಬ್ಬರೇ ಇರುವಾಗ ಇಳಿಯಕೂಡದು. ಕಾಳಿ, ಗಂಗಾವಳಿ ನದಿಗಳು ಕಡಲು ಸೇರುವ ಅಳಿವೆಗಳ ಬಳಿ ನೀರಿನ ಎಳೆತ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ. ಅಲ್ಲಿ ಬಲೆ ಬೀಸುವ ಮೀನುಗಾರರನ್ನು ಕೇಳಿ. ಅವರು ಬೇಡವೆಂದರೆ ಬೇಡ; ವಾದ ಮಾಡಬೇಡಿ.

ಒಬ್ಬರು ಮುಳುಗುತ್ತಿದ್ದಾರೆಂದು ಇನ್ನೊಬ್ಬರು ಹಾರಿ ಇಬ್ಬರೂ ಹೋದ ಸುದ್ದಿಯನ್ನು ನೀವು ಇದೇ ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ? ಹಗ್ಗ ಎಸೆಯಿರಿ, ಖಾಲಿ ಕ್ಯಾನು ಎಸೆಯಿರಿ, ಜನರನ್ನು ಕೂಗಿ. ದಡಕ್ಕೆ ತಂದ ಮೇಲೆ ತಲೆಕೆಳಗೆ ಹಿಡಿಯುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ಇವೆಲ್ಲ ಸಿನಿಮಾದ ವೈದ್ಯ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುತ್ತದೆ, ಅಮೂಲ್ಯವಾದ ನಿಮಿಷಗಳೂ ಹೋಗುತ್ತವೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಬೇಕು; ಆಮೇಲೆ ಎದೆಯ ನಡುವೆ ಎರಡು ಕೈಯಿಂದ ಒತ್ತಬೇಕು. ಮೂವತ್ತು ಒತ್ತು, ಎರಡು ಉಸಿರು, ಮತ್ತೆ ಮೂವತ್ತು. ವೈದ್ಯರು ಬರುವವರೆಗೆ ಬಿಡಬಾರದು. ಇದನ್ನು ಓದಿ ಕಲಿಯಲಾಗದು, ಒಂದು ದಿನ ಕೈಯಾರೆ ಮಾಡಿ ಕಲಿಯಬೇಕು. ಪ್ರವಾಸಕ್ಕೆ ಹೊರಟ ಗುಂಪಿನಲ್ಲಿ ಒಬ್ಬರಿಗಾದರೂ ಇದು ಬರುತ್ತದೆಯೇ ಎಂದು ಕೇಳಿ ನೋಡಿ. ಬದುಕುಳಿದವರು ಎದ್ದು ಕುಳಿತು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಮಳೆಗಾಲಕ್ಕೆ ನನ್ನದು ಒಂದೇ ಸಾಲಿನ ಸಲಹೆ: ಜೂನಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಇತ್ತ ಚೀಲ ಹೊತ್ತು ಬರಬೇಡಿ. ಜಲಪಾತಗಳ ಚಿತ್ರ ನೋಡಿ ಮನಸ್ಸು ಕುಣಿಯುವುದು ಆಗಲೇ, ಒಪ್ಪುತ್ತೇನೆ. ಆದರೆ 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನಡೆದುದನ್ನು ಮರೆಯಬೇಡಿ. ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ದಾರಿಬದಿಯ ಚಹಾದಂಗಡಿ, ಚಹಾಕ್ಕೆಂದು ನಿಂತ ಜನ, ಲಾರಿ, ಎಲ್ಲವನ್ನೂ ಗಂಗಾವಳಿ ನದಿಗೆ ನೂಕಿತು. ಹನ್ನೊಂದು ಮಂದಿಯನ್ನು ಬಲಿ ತೆಗೆದುಕೊಂಡ ದುರಂತವದು. ಕೇರಳದ ಒಬ್ಬ ಲಾರಿ ಚಾಲಕನ ದೇಹ ನದಿಯಾಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿಯಿತು. ಇಲ್ಲಿಯೇ ಬಾಳುವವರಿಗೆ ಬೇರೆ ದಾರಿಯಿಲ್ಲ. ನೋಡಲು ಬರುವವರಿಗೆ ಉಳಿದ ಎಂಟು ತಿಂಗಳಿದೆ.

ಮಳೆಯಲ್ಲಿ ಬಂದೇ ಬಂದವರು ಗದ್ದೆಯ ಬದು, ಚರಂಡಿಯ ನೀರಿನಲ್ಲಿ ಬರಿಗಾಲಿನಲ್ಲಿ ನಡೆದಿದ್ದರೆ ಇಲಿಜ್ವರವನ್ನು ನೆನಪಿಡಿ. ಜ್ವರ, ಕೆಂಪು ಕಣ್ಣು, ಮೀನಖಂಡದ ವಿಪರೀತ ನೋವು ಇದರ ಗುರುತು. ಊರಿಗೆ ಹಿಂತಿರುಗಿದ ಒಂದೆರಡು ವಾರದ ಮೇಲೆ ಬರುವುದರಿಂದ ಬೆಂಗಳೂರಿನ ವೈದ್ಯರಿಗೆ ಅದರ ಸುಳಿವು ಹತ್ತದೆ ಹೋಗಬಹುದು. 'ಕರಾವಳಿಗೆ ಹೋಗಿದ್ದೆ, ಕೆಸರು ನೀರಿನಲ್ಲಿ ನಡೆದಿದ್ದೆ' ಎಂದು ನೀವೇ ಬಾಯಿಬಿಟ್ಟು ಹೇಳಬೇಕು.

ಡಿಸೆಂಬರಿನಿಂದ ಮೇ ವರೆಗೆ ಇದೇ ಮಾತು ಮಂಗನ ಕಾಯಿಲೆಗೂ ಸಲ್ಲುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉತ್ತರ ಕನ್ನಡದಲ್ಲಿ ಸಿದ್ಧಾಪುರ, ಹೊನ್ನಾವರದ ಕಡೆಯ ಕಾಡುಗಳನ್ನು ಹೆಚ್ಚು ಕಾಡಿದೆ. ಹರಡುವುದು ಉಣ್ಣೆಯಿಂದ. ಅಂಕೋಲೆಯಿಂದ ಘಟ್ಟ ಹತ್ತಿ ಆ ಕಡೆಗೆ ದಾಟುವವರು ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಲಿ. ಸತ್ತ ಮಂಗ ಕಂಡಲ್ಲಿಂದ ದೂರ ಸರಿದು ಸ್ಥಳೀಯರಿಗೆ ತಿಳಿಸಲಿ. ಮೊದಲಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದ್ದರಿಂದ ಮೈಮೇಲೆ ಉಣ್ಣೆ ಹತ್ತದಂತೆ ನೋಡಿಕೊಳ್ಳುವುದೇ ಮುಖ್ಯ. ಹಾವು ಕಚ್ಚಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ನಾಟಿ ಔಷಧಿಗೆಂದು ಹೊತ್ತು ಕಳೆಯಬೇಡಿ. ಕಚ್ಚಿದ ಅಂಗವನ್ನು ಅಲುಗಿಸದೆ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂಕೋಲೆಯಲ್ಲಿ ತಾಲ್ಲೂಕು ಆಸ್ಪತ್ರೆ ಇವೆ. ತೀರ ದೊಡ್ಡ ಗಾಯವಾದರೆ ಮಾತ್ರ ರೋಗಿಯನ್ನು ಗೋವೆಗೋ, ಮಣಿಪಾಲಕ್ಕೋ, ಹುಬ್ಬಳ್ಳಿಗೋ ಸಾಗಿಸುವುದು ಈ ಜಿಲ್ಲೆಯ ಜನರ ಹಳೆಯ ಪಾಡು. ದೊಡ್ಡ ಆಸ್ಪತ್ರೆಗಾಗಿ ಅವರು ಬೀದಿಗಿಳಿದು ಕೇಳಿದ್ದಾರೆ. ಬಂಡೆಯ ತುದಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಮುನ್ನ ಆ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಗೆ ಆ 'ಬಿಟ್ಟಿ ಮಂಚ'ದ ವಿಷಯ. ಇದು ಆರೋಗ್ಯದ ಅಂಕಣಕ್ಕೆ ಸೇರಿದ್ದೇ ಎಂದು ನೀವು ಕೇಳಬಹುದು. ಸೇರಿದ್ದೇ. ದಿನಕ್ಕೆ ನಾಲ್ಕು ಗಂಟೆ ಎಂದು ಮಾತಾಗಿ, ಹೋದ ಮೇಲೆ ಬೆಳಗಿನ ಉಪಾಹಾರದಿಂದ ಮಧ್ಯರಾತ್ರಿಯ ಅತಿಥಿಗಳವರೆಗೆ ಓಡಾಡಿಸಿಕೊಳ್ಳುವುದುಂಟು. ಮೇಲೆ ತನ್ನ ಆಫೀಸಿನ ಕೆಲಸ ಬೇರೆ. ಸಂಬಳವಿಲ್ಲ, ಕಾಯಿಲೆ ಬಿದ್ದರೆ ಕೇಳುವವರಿಲ್ಲ. ಹದಿನಾಲ್ಕು ಗಂಟೆ ದುಡಿದು ಎಂಟು ಮಂದಿಯ ಕೋಣೆಯಲ್ಲಿ ಅರೆನಿದ್ದೆ ಮಾಡುವುದನ್ನು ಪ್ರವಾಸವೆನ್ನಲು ನಾನು ಸಿದ್ಧನಿಲ್ಲ. ಅಲ್ಲಿನ ಬಡ ಹುಡುಗನೊಬ್ಬನಿಗೆ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವದು. ಹೋಗಲೇಬೇಕೆಂದರೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ ಬಿಡುವು, ಮಲಗುವ ಕೋಣೆಗೆ ಒಳಗಿನಿಂದ ಚಿಲಕವಿದೆಯೇ, ಇವನ್ನು ಮೊದಲೇ ಬರೆಸಿಕೊಳ್ಳಲಿ. ಬರೆದುಕೊಡಲು ಹಿಂಜರಿಯುವ ಜಾಗಕ್ಕೆ ಹೋಗುವುದೇ ಬೇಡ.

ನಾನು ಹೇಳಿದ್ದನ್ನೆಲ್ಲ ಆ ತಾಯಿ ಒಂದು ಚೀಟಿಯಲ್ಲಿ ಗುರುತು ಹಾಕಿಕೊಂಡು ಹೋದರು. ಹತ್ತು ದಿನದ ಮೇಲೆ ಫೋನು ಮಾಡಿದರು. ಮಗಳು ಮೊದಲ ವಾರ ಪೂರ್ತಿ ರಜೆ ಹಾಕಿದ್ದಾಳಂತೆ. ಉಳಿದೆರಡು ವಾರ ಅಂಕೋಲೆಯಲ್ಲಿ ಮೇಜು ಕುರ್ಚಿಯಿರುವ ಒಂದೇ ಕೋಣೆ, ಬಾಡಿಗೆ ಕೊಟ್ಟು. ಚೀಲವನ್ನು ತೂಗಿದಾಗ ಹದಿನಾಲ್ಕು ಕೆಜಿ ಬಂತಂತೆ. ಒಳಗೆ ಒಂದು ಇಸ್ತ್ರಿಪೆಟ್ಟಿಗೆ ಇತ್ತು. "ಅದನ್ನು ತೆಗೆಸಿದೆ ಡಾಕ್ಟ್ರೇ. ಚಕ್ಕುಲಿ ಡಬ್ಬ ಮಾತ್ರ ನಾನೇ ಇಟ್ಟಿದ್ದು, ಅದನ್ನೂ ತೆಗೀಬೇಕಾ?" ಎಂದು ಕೇಳಿದರು. ಅರ್ಧ ತೆಗೆಯಿರಿ ಎಂದೆ.